ಎಂಟು ತಿಂಗಳಲ್ಲಿ ಮೂರನೇ ಸಲ ಪೌಚೈಟಿಸ್. ಪ್ರತಿಸಲ ಸುಮ್ನೆ ಆಂಟಿಬಯೋಟಿಕ್ ನುಂಗುತ್ತಾ ಇರಬೇಕಾ?

ನೀಲಿಕೊಡೆ

ಎಲ್ಲರಿಗೂ ನಮಸ್ಕಾರ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ, ಹುಣ್ಣು) ಜಾಸ್ತಿಯಾಗಿ ದೊಡ್ಡ ಕರುಳು ಪೂರ್ತಿ ತೆಗೆಸಿದ್ದೇನೆ. ಸಣ್ಣ ಕರುಳಿನಿಂದಲೇ ಮಲ ನಿಲ್ಲುವ ಚೀಲ, ಅಂದರೆ ಜೆ-ಪೌಚ್ ಮಾಡಿ, ಮಲ ಹೋಗಲು ಹೊಟ್ಟೆ ಮೇಲೆ ಇಟ್ಟಿದ್ದ ತೂತು (ಸ್ಟೋಮಾ) ಮುಚ್ಚಿ ಎರಡೂವರೆ ವರ್ಷ ಆಯಿತು. ಶುರುವಿನಲ್ಲಿ ಚೆನ್ನಾಗಿತ್ತು. ದಿನಕ್ಕೆ ಆರು ಸಲ, ರಾತ್ರಿ ಒಂದು ಸಲ ಹೋಗುತ್ತಿದ್ದೆ. ಅದಕ್ಕೆ ಹೊಂದಿಕೊಂಡುಬಿಟ್ಟಿದ್ದೆ.

ಎಂಟು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಹದಿನಾಲ್ಕು ಸಲ ಆಯಿತು. ಹೊಟ್ಟೆ ಹಿಂಡುತ್ತಿತ್ತು, ಸಣ್ಣ ಜ್ವರ ಇತ್ತು, ರಾತ್ರಿ ನಿದ್ದೆಯಲ್ಲೇ ಸೋರಿಕೆ. ಫೋನಿನಲ್ಲಿ ಕೇಳಿದಾಗ ಡಾಕ್ಟರು ಪೌಚೈಟಿಸ್, ಅಂದರೆ ಪೌಚಿನ ಉರಿಯೂತ ಅಂದರು, ಎರಡು ವಾರ ಸಿಪ್ರೊಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್ ಬರೆದರು. ಮೂರನೇ ದಿನಕ್ಕೇ ಆರಾಮಾಯಿತು. ಆರು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಗೋಳು. ಮತ್ತೆ ಸಿಪ್ರೊ. ಈಗ ಮೂರನೇ ಸಲ. ಇಷ್ಟರಲ್ಲಿ ಒಬ್ಬರೂ ಒಳಗೆ ಸ್ಕೋಪ್ ಹಾಕಿ ನೋಡಿಲ್ಲ. "ಪೌಚ್ ಇರುವವರಿಗೆ ಇದು ಮಾಮೂಲಿ" ಅಂತಾರೆ.

ಇನ್ನೊಂದು ವಿಷಯ. ಕೂತರೆ ಒಂದೇ ಸಲಕ್ಕೆ ಹೋಗುವುದಿಲ್ಲ. ಒತ್ತಿ ಒತ್ತಿ ಇಪ್ಪತ್ತು ನಿಮಿಷ ಕೂರುತ್ತೇನೆ. ಎದ್ದು ಬಂದ ಹತ್ತು ನಿಮಿಷಕ್ಕೆ ಮತ್ತೆ ಓಡಬೇಕು.

ಕರುಳನ್ನೇ ತೆಗೆದ ಮೇಲೆ ಕೊಲೈಟಿಸ್ ವಾಪಸ್ ಬರುತ್ತಾ? ಇದು ಏನು, ಯಾಕೆ ಅಂತ ಯಾರಾದರೂ ಬಿಡಿಸಿ ಹೇಳಿ. ನಿಜವಾಗಲೂ ಹೆದರಿಕೆ ಆಗಿದೆ.

ಮೌನಿ_22

ನನ್ನದೂ ಇದೇ ಕಥೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಹಳೇಬೇರು

ಮೊದಲು ಧೈರ್ಯ ತಂದುಕೊಳ್ಳಿ. ನನ್ನ ಪೌಚಿಗೆ ಈಗ ಹತ್ತೊಂಬತ್ತು ವರ್ಷ. ಇಷ್ಟು ವರ್ಷದಲ್ಲಿ ನಾಲ್ಕು ಸಲ ಪೌಚೈಟಿಸ್ ಆಗಿದೆ, ಆದರೂ ಪೌಚ್ ಗಟ್ಟಿಯಾಗಿದೆ.

ಹಳೇ ಕೊಲೈಟಿಸ್ ಹಾಗೇ ವಾಪಸ್ ಬಂದದ್ದಲ್ಲ ಇದು. ಆದರೆ ಅದಕ್ಕೆ ಹತ್ತಿರದ ನೆಂಟ ಅನ್ನಬಹುದು. ಸರ್ಜನ್ ನಮ್ಮ ಸಣ್ಣ ಕರುಳಿನ ಕೊನೆಯ ಭಾಗವನ್ನು ಜೆ ಆಕಾರಕ್ಕೆ ಮಡಚುತ್ತಾರೆ. ಒಂದೊಂದು ಮಡಿಕೆ ಸುಮಾರು 15ರಿಂದ 20 ಸೆಂಟಿಮೀಟರ್. ಎರಡನ್ನೂ ಸೇರಿಸಿ ಹೊಲಿದರೆ ಒಂದು ಚೀಲ ಆಯಿತು. ಅದನ್ನು ಕೆಳಗೆ ಗುದದ್ವಾರಕ್ಕೆ ಜೋಡಿಸುತ್ತಾರೆ. ಈಗ ಯೋಚಿಸಿ. ಸಣ್ಣ ಕರುಳಿನ ಕೆಲಸ ಬಂದದ್ದನ್ನು ಹೀರಿಕೊಂಡು ಮುಂದೆ ತಳ್ಳುವುದು. ಹಿಡಿದಿಟ್ಟುಕೊಳ್ಳುವುದು ಅದಕ್ಕೆ ಗೊತ್ತೇ ಇರಲಿಲ್ಲ. ನಾವು ಆ ಕೆಲಸ ಹೊರಿಸಿದ್ದೇವೆ. ಮಲ ಅಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕೆಲವು ತಿಂಗಳಲ್ಲಿ ಪೌಚಿನ ಒಳಪದರ ನಿಧಾನಕ್ಕೆ ದೊಡ್ಡ ಕರುಳಿನ ಪದರದ ಹಾಗೆ ಬದಲಾಗುತ್ತದೆ. ಕೊಲೈಟಿಸ್ ಬಂದ ದೇಹ ಈ ಹೊಸ ಬ್ಯಾಕ್ಟೀರಿಯಾ ಗುಂಪಿನ ಮೇಲೆ ತಿರುಗಿ ಬೀಳುತ್ತದೆ. ಆಗ ಉರಿಯೂತ. ಅದೇ ಪೌಚೈಟಿಸ್.

ಕೊಲೈಟಿಸ್‌ನಿಂದ ಪೌಚ್ ಮಾಡಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಜೀವನದಲ್ಲಿ ಒಂದು ಸಲವಾದರೂ ಇದು ಆಗುತ್ತದೆ. ತುಂಬಾ ಜನರಿಗೆ ಒಂದೆರಡು ಸಲ ಬಂದು ನಿಂತುಹೋಗುತ್ತದೆ.

ಮೂವರು_ಒಂದೇ_ಮನೆ

ಹಳೇಬೇರು ಅವರ ಮಾತಿಗೆ ಒಂದು ಸಾಕ್ಷಿ. ನಮ್ಮ ಮನೆಯಲ್ಲಿ ಅಪ್ಪ, ನಾನು, ತಂಗಿ ಮೂವರಿಗೂ ಪೌಚ್ ಇದೆ. ನಮ್ಮದು ಕೊಲೈಟಿಸ್ ಅಲ್ಲ, ಕರುಳಿನ ತುಂಬಾ ಗಂಟು ಬೆಳೆಯುವ ವಂಶದ ಕಾಯಿಲೆ, ಎಫ್‌ಎಪಿ. ಆಪರೇಷನ್ ಅದೇ, ಚೀಲ ಅದೇ. ಆದರೆ ಮೂವರಲ್ಲಿ ಒಬ್ಬರಿಗೂ ಪೌಚೈಟಿಸ್ ಆಗಿಲ್ಲ. ನಮ್ಮಂಥವರಿಗೆ ಅದು ಬರುವುದೇ ಅಪರೂಪ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅಂದರೆ ಮಲ ನಿಲ್ಲುವುದೊಂದೇ ಕಾರಣ ಆಗಿದ್ದರೆ ನಮಗೂ ಬರಬೇಕಿತ್ತು ಅಲ್ವಾ?

ಹಳೇಬೇರು

ಸರಿಯಾಗಿ ಹೇಳಿದಿರಿ. ಚೀಲ, ಬ್ಯಾಕ್ಟೀರಿಯಾ, ನಮ್ಮ ರೋಗನಿರೋಧಕ ಶಕ್ತಿಯ ಸ್ವಭಾವ, ಮೂರೂ ಕೂಡಬೇಕು.

ಗುಬ್ಬಿಗೂಡು

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ. ಸಿಪ್ರೊ ಕೆಲಸ ಮಾಡುತ್ತಿದೆ ಅಂದರೆ ಅದು ಪೌಚೈಟಿಸ್ಸೇ. ನಾನು ಮನೆಯಲ್ಲಿ ಯಾವಾಗಲೂ ಒಂದು ಸ್ಟ್ರಿಪ್ ಇಟ್ಟಿರುತ್ತೇನೆ. ಹತ್ತು ಸಲ ದಾಟಿದರೆ ಶುರು ಮಾಡುತ್ತೇನೆ, ಸರಿಹೋದಾಗ ನಿಲ್ಲಿಸುತ್ತೇನೆ. ಪ್ರತಿ ಸಲ ಸ್ಕೋಪ್ ಹಾಕಿಸಿಕೊಳ್ಳುತ್ತಾ ಕೂರುವುದಕ್ಕೆ ಆಗುತ್ತಾ?

ರಾತ್ರಿಪಾಳಿ

ಗುಬ್ಬಿಗೂಡು, ದಯವಿಟ್ಟು ಹೀಗೆ ಬರೆಯಬೇಡಿ. ನಾನು ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸ್. "ಪೌಚೈಟಿಸ್" ಅಂತ ವರ್ಷಗಟ್ಟಲೆ ಆಂಟಿಬಯೋಟಿಕ್ ತಿಂದು ಬಂದವರನ್ನು ಸ್ಕೋಪ್ ಟೇಬಲ್ ಮೇಲೆ ನೋಡಿದ್ದೇನೆ. ಒಳಗೆ ನೋಡಿದರೆ ಪೌಚ್ ಸ್ವಚ್ಛವಾಗಿರುತ್ತದೆ. ತೊಂದರೆ ಬೇರೆಯೇ.

ಜಾಸ್ತಿ ಸಲ ಹೋಗುವುದು, ಅರ್ಜೆಂಟ್, ಹೊಟ್ಟೆ ಹಿಂಡುವುದು, ಸೋರಿಕೆ. ಇವೆಲ್ಲ ಲಕ್ಷಣ, ಕಾಯಿಲೆಯ ಹೆಸರಲ್ಲ. ಇದೇ ಲಕ್ಷಣ ಸಿ. ಡಿಫ್ ಅನ್ನುವ ಕರುಳಿನ ಬ್ಯಾಕ್ಟೀರಿಯಾ ಸೋಂಕಿನಲ್ಲೂ ಬರುತ್ತದೆ. ಆ ಸೋಂಕಿಗೆ ಆಂಟಿಬಯೋಟಿಕ್ಕೇ ದಾರಿ ಮಾಡಿಕೊಡುತ್ತದೆ, ಅದನ್ನು ಮರೆಯಬೇಡಿ. ಕೆಳಗೆ ಉಳಿಸಿದ ಗುದನಾಳದ ತುಂಡು ಉರಿದರೂ ಹೀಗೇ. ಹೊಲಿಗೆ ಸೋರಿ ಪಕ್ಕದಲ್ಲಿ ಕೀವು ಕಟ್ಟಿದರೂ ಹೀಗೇ. ಪೌಚಿನಲ್ಲಿ ಕ್ರೋನ್ಸ್ (ಕರುಳಿನ ಇನ್ನೊಂದು ಉರಿಯೂತದ ಕಾಯಿಲೆ) ತರಹದ್ದು ಶುರುವಾದರೂ ಹೀಗೇ. ಉರಿಯೂತ ಇಲ್ಲದೆ ಪೌಚ್ ಸುಮ್ನೆ ಸೂಕ್ಷ್ಮವಾಗಿದ್ದರೂ ಹೀಗೇ, ಅದಕ್ಕೆ ಇರಿಟೇಬಲ್ ಪೌಚ್ ಅನ್ನುತ್ತಾರೆ.

ಡಾಕ್ಟರು ಅಂಕ ಹಾಕುವ ಒಂದು ಪಟ್ಟಿಯೂ ಇದೆ, ಪಿಡಿಎಐ ಅಂತ. 1994ರಿಂದ ಬಳಕೆಯಲ್ಲಿದೆ. ಲಕ್ಷಣಕ್ಕೆ 6, ಸ್ಕೋಪಿನಲ್ಲಿ ಕಂಡದ್ದಕ್ಕೆ 6, ಬಯಾಪ್ಸಿಗೆ (ಒಳಪದರದ ಚೂರು ತೆಗೆದು ಪರೀಕ್ಷಿಸುವುದಕ್ಕೆ) 6, ಒಟ್ಟು 18. 7 ಅಥವಾ ಜಾಸ್ತಿ ಬಂದರೆ ಪೌಚೈಟಿಸ್. ಲೆಕ್ಕ ಹಾಕಿ ನೋಡಿ. ಲಕ್ಷಣ ಪೂರ್ತಿ ಇದ್ದರೂ 6ಕ್ಕೇ ನಿಲ್ಲುತ್ತದೆ. ಒಳಗೆ ನೋಡದೆ 7 ಆಗುವುದೇ ಇಲ್ಲ.

ಗುಬ್ಬಿಗೂಡು

ಲೆಕ್ಕ ಸರಿ ಮೇಡಂ. ಆದರೆ ಮೊದಲನೇ ಸಲಕ್ಕೇ ಯಾರೂ ಸ್ಕೋಪ್ ಮಾಡುವುದಿಲ್ಲ. ನನಗೆ ಎರಡು ಬೇರೆ ಬೇರೆ ಡಾಕ್ಟರು ಮಾತ್ರೆಯನ್ನೇ ಮೊದಲು ಕೊಟ್ಟರು. ಅವರೆಲ್ಲ ತಪ್ಪಾ?

ರಾತ್ರಿಪಾಳಿ

ಅಲ್ಲ. ಲಕ್ಷಣ ಸ್ಪಷ್ಟವಾಗಿದ್ದರೆ ಮೊದಲನೇ ಸಲ ಎರಡು ವಾರ ಕೊಟ್ಟು ನೋಡುವುದು ಎಲ್ಲ ಕಡೆ ಇರುವ ಪದ್ಧತಿ. ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಮೂರನೇ ಸಲದ ಬಗ್ಗೆ. ಮದ್ದು ನಾಟಲಿಲ್ಲ, ಇಲ್ಲವೇ ನಾಟಿ ಪದೇಪದೇ ಮರಳಿತು ಅಂದರೆ ಒಳಗೆ ನೋಡಲೇಬೇಕು. ಇನ್ನು ನಿಮಗೆ ಬೇಕಾದಾಗ ಶುರು ಮಾಡಿ ಬೇಕಾದಾಗ ನಿಲ್ಲಿಸುತ್ತೀರಲ್ಲ, ಅದು ಯಾವ ಡಾಕ್ಟರೂ ಹೇಳಿದ್ದಲ್ಲ.

ಪೌಚ್ ಸ್ಕೋಪ್ ಕೊಲೊನೋಸ್ಕೋಪಿಯಷ್ಟು ದೊಡ್ಡ ಕೆಲಸವೂ ಅಲ್ಲ. ದಾರಿ ಚಿಕ್ಕದು, ಕೆಲವೇ ನಿಮಿಷ. ತುಂಬಾ ಜನ ಎಚ್ಚರ ಇದ್ದೇ ಮಾಡಿಸಿಕೊಳ್ಳುತ್ತಾರೆ.

ಸಂಜೆಮಲ್ಲಿಗೆ

ನಾನು ಆ "ಬೇರೆಯೇ" ಗುಂಪಿನವಳು. ಒಂದೂವರೆ ವರ್ಷ ಮೆಟ್ರೊನಿಡಜೋಲ್, ಸಿಪ್ರೊ, ಮತ್ತೆ ಮೆಟ್ರೊನಿಡಜೋಲ್. ಬಾಯಿಯಲ್ಲಿ ಸದಾ ಲೋಹದ ರುಚಿ. ಕೊನೆಗೆ ಪಾದ ಜುಮ್ಮೆನ್ನಲು ಶುರುವಾಯಿತು. ಅದು ನರಕ್ಕೆ ಆಗುವ ಏಟು ಅಂತ ಆಮೇಲೆ ತಿಳಿಯಿತು. ಮಾತ್ರೆ ತಕ್ಷಣ ನಿಲ್ಲಿಸಿದರು, ಆದರೂ ಬಲಗಾಲಿನ ಬೆರಳುಗಳಲ್ಲಿ ಇನ್ನೂ ಸ್ವಲ್ಪ ಉಳಿದಿದೆ.

ನನಗೆ ಇದ್ದದ್ದು ಕಫೈಟಿಸ್. ಪೌಚನ್ನು ಸ್ಟೇಪ್ಲರಿನಲ್ಲಿ ಜೋಡಿಸುವಾಗ ಕೆಳಗೆ ಒಂದೆರಡು ಸೆಂಟಿಮೀಟರ್ ಹಳೇ ಗುದನಾಳ ಉಳಿಯುತ್ತದೆ. ಅಲ್ಲಿ ಮಾತ್ರ ಹಳೇ ಕೊಲೈಟಿಸ್ ಉಳಿದುಕೊಳ್ಳಬಹುದು. ನನಗೆ ಪ್ರತಿಸಲ ಹಸಿ ರಕ್ತ ಕಾಣಿಸುತ್ತಿತ್ತು. ಪೌಚೈಟಿಸ್‌ನಲ್ಲಿ ಅಷ್ಟು ರಕ್ತ ಬರುವುದು ಕಡಿಮೆಯಂತೆ. ಸ್ಕೋಪ್ ಹಾಕಿದ ಡಾಕ್ಟರು ಪೌಚ್ ನೋಡಿ "ಇದು ಚೆನ್ನಾಗಿದೆ" ಅಂದರು. ಹೊರಗೆ ತೆಗೆಯುವಾಗ ಕೊನೆಯ ಎರಡು ಸೆಂಟಿಮೀಟರಲ್ಲಿ ನಿಂತರು. ಪೂರ್ತಿ ಕೆಂಪು. ಉರಿಯೂತ ಇಳಿಸುವ ಮೆಸಲಮೀನ್ ಸಪೋಸಿಟರಿ (ಗುದದ್ವಾರದೊಳಗೆ ಇಡುವ ಮದ್ದು) ರಾತ್ರಿ ಒಂದು. ಮೂರು ವಾರಕ್ಕೆ ರಕ್ತ ನಿಂತಿತು.

ನೀಲಿಕೊಡೆ, ನಿಮಗೆ ರಕ್ತ ಹೋಗುತ್ತಾ?

ನೀಲಿಕೊಡೆ

ಇಲ್ಲ ಅಕ್ಕ, ರಕ್ತ ಇಲ್ಲ. ನಿಮ್ಮ ಕಾಲಿನ ವಿಷಯ ಓದಿ ಸಂಕಟವಾಯಿತು.

ಓಟಗಾರ

ಒಂದು ಪ್ರಶ್ನೆ. ನೋವಿನ ಮಾತ್ರೆ ಏನಾದರೂ ತಗೊಳ್ಳುತ್ತೀರಾ? ನಾನು ಮಂಡಿ ನೋವಿಗೆ ಐಬುಪ್ರೊಫೇನ್ ದಿನಾ ಎರಡು ನುಂಗುತ್ತಿದ್ದೆ. ಆರು ತಿಂಗಳಲ್ಲಿ ಮೂರು ಸಲ ಪೌಚ್ ಕೆಟ್ಟಿತು. ಹೊಸ ಡಾಕ್ಟರು ಮೊದಲು ಕೇಳಿದ್ದೇ ಇದು. ಐಬುಪ್ರೊಫೇನ್, ಡೈಕ್ಲೋಫೆನಾಕ್, ಈ ಜಾತಿಯ ಮಾತ್ರೆಗಳು ಪೌಚಿನ ಒಳಪದರವನ್ನು ಕೆರಳಿಸುತ್ತವೆ. ನಿಲ್ಲಿಸಿದೆ, ಪ್ಯಾರಾಸಿಟಮಾಲ್‌ಗೆ ಬಂದೆ. ಆಮೇಲೆ ಎರಡು ವರ್ಷದಿಂದ ಒಂದು ಸಲವೂ ಇಲ್ಲ.

ನೀಲಿಕೊಡೆ

ತಲೆನೋವಿಗೆ ಅಪರೂಪಕ್ಕೆ ಪ್ಯಾರಾಸಿಟಮಾಲ್, ಅಷ್ಟೇ.

ಲೆಕ್ಕಿಗ

ಕೀಲು ನೋವಿನ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ಕೊಲೈಟಿಸ್ ಜೊತೆ ಕೀಲು, ಕಣ್ಣು, ಚರ್ಮದ ತೊಂದರೆ ಇದ್ದವರಿಗೆ ಪೌಚೈಟಿಸ್ ಜಾಸ್ತಿ. ಪಿತ್ತನಾಳ ಗಟ್ಟಿಯಾಗುವ ಪಿಎಸ್‌ಸಿ ಇದ್ದವರಿಗಂತೂ ಇನ್ನೂ ಜಾಸ್ತಿ. ನನಗೆ ಪಿಎಸ್‌ಸಿ ಇದೆ. ನನ್ನ ಉರಿಯೂತ ಪೌಚಿನಲ್ಲೇ ನಿಲ್ಲದೆ ಅದರ ಮೇಲಿನ ಕರುಳಿಗೂ ಹತ್ತಿದೆ. ಉರಿಯೂತ ಇಳಿಸುವ ಬುಡೆಸೊನೈಡ್ ಕೊಟ್ಟಿದ್ದಾರೆ, ಹಿಡಿತದಲ್ಲಿದೆ. ನಿಮ್ಮ ಲಿವರ್ ರಿಪೋರ್ಟ್ ಒಮ್ಮೆ ನೋಡಿಸಿಕೊಳ್ಳಿ.

ಕಾಡುಹೂವು

ಯಾರೂ ಪ್ರೊಬಯೋಟಿಕ್ ಬಗ್ಗೆ ಮಾತಾಡುತ್ತಿಲ್ಲವಲ್ಲ! ಆಂಟಿಬಯೋಟಿಕ್ ಬಿಟ್ಟು ಒಳ್ಳೇ ಬ್ಯಾಕ್ಟೀರಿಯಾ ತಗೊಳ್ಳಿ. ಪೌಚೈಟಿಸ್ ಬುಡಸಮೇತ ಹೋಗುತ್ತದೆ.

ಲೆಕ್ಕಿಗ

"ಬಿಟ್ಟು" ಅನ್ನುವುದನ್ನು ಒಪ್ಪುವುದಿಲ್ಲ. 2000ರಲ್ಲಿ ಇಟಲಿಯಲ್ಲಿ 40 ಜನರ ಮೇಲೆ ಒಂದು ಪ್ರಯೋಗ ಆಯಿತು. ಪೌಚೈಟಿಸ್ ಮೇಲಿಂದ ಮೇಲೆ ಬರುತ್ತಿದ್ದವರಿಗೆ ಮೊದಲು ಆಂಟಿಬಯೋಟಿಕ್ ಕೊಟ್ಟು ಪೂರ್ತಿ ಶಮನ ಮಾಡಿದರು. ಆಮೇಲೆ ಅರ್ಧ ಜನಕ್ಕೆ ಎಂಟು ತಳಿ ಬ್ಯಾಕ್ಟೀರಿಯಾ ಇರುವ ವಿಎಸ್‌ಎಲ್#3 ಪುಡಿ, ಇನ್ನರ್ಧ ಜನಕ್ಕೆ ಬರೀ ಪೊಳ್ಳು ಪುಡಿ. ಒಂಬತ್ತು ತಿಂಗಳಲ್ಲಿ ಪುಡಿ ತಗೊಂಡ 20 ಜನರಲ್ಲಿ 3 ಜನಕ್ಕೆ ಮರುಕಳಿಸಿತು. ಪೊಳ್ಳು ಪುಡಿಯ 20 ಜನಕ್ಕೆ 20ಕ್ಕೂ ಮರುಕಳಿಸಿತು. ಫಲಿತಾಂಶ ಚೆನ್ನಾಗಿದೆ. ಆದರೆ ಅದು ಬೆಂಕಿ ಆರಿದ ಮೇಲೆ ಮತ್ತೆ ಹತ್ತದ ಹಾಗೆ ಕಾಯುವ ಕೆಲಸ. ಉರಿಯುತ್ತಿರುವ ಬೆಂಕಿ ಆರಿಸಿದ್ದಲ್ಲ. ಅಂಗಡಿಯಲ್ಲಿ ಸಿಗುವ ಯಾವುದೋ ಕ್ಯಾಪ್ಸೂಲಿಗೆ ಈ ಫಲಿತಾಂಶ ಅಂಟಿಸುವುದೂ ತಪ್ಪು.

ಕಾಡುಹೂವು

ಸರಿ, "ಬಿಟ್ಟು" ಅನ್ನುವ ಪದ ವಾಪಸ್ ತಗೊಂಡೆ. ನನಗೆ ಅದರಿಂದ ಒಳ್ಳೇದಾಗಿದೆ, ಆ ಖುಷಿಯಲ್ಲಿ ಬರೆದೆ. ನಿಜ ಹೇಳಬೇಕೆಂದರೆ ನಾನೂ ಮೊದಲು ಸಿಪ್ರೊ ಮುಗಿಸಿಯೇ ಶುರು ಮಾಡಿದ್ದು.

ಅವರ_ಜೊತೆಗಾತಿ

ಪೌಚ್ ಇರುವುದು ನಮ್ಮ ಯಜಮಾನರಿಗೆ. ಕಾಯಿಲೆಯ ಬಗ್ಗೆ ಎಲ್ಲರೂ ಬರೆಯುತ್ತಿದ್ದೀರಿ. ರಾತ್ರಿ ಹೇಗೆ ನಿಭಾಯಿಸುತ್ತೀರಿ ಅಂತ ಕೇಳಬಹುದಾ? ಪೌಚೈಟಿಸ್ ಆದಾಗ ಅವರು ಮಲಗುವುದಕ್ಕೇ ಹೆದರುತ್ತಾರೆ. ಕುರ್ಚಿಯಲ್ಲೇ ಕೂತು ತೂಕಡಿಸುತ್ತಾರೆ. ಚರ್ಮ ಸುಟ್ಟ ಹಾಗೆ ಆಗಿರುತ್ತದೆ. ನನ್ನ ಹತ್ತಿರ ಹೇಳಿಕೊಳ್ಳುವುದೂ ಇಲ್ಲ.

ಸಂಜೆಮಲ್ಲಿಗೆ

ಕೇಳಿದ್ದು ಒಳ್ಳೇದಾಯಿತು. ಉಜ್ಜಿ ಒರೆಸಬಾರದು. ನೀರಲ್ಲಿ ತೊಳೆದು ಮೆತ್ತಗೆ ಒತ್ತಿ ಒಣಗಿಸಬೇಕು. ಮಲಗುವ ಮುಂಚೆ ಜಿಂಕ್ ಆಕ್ಸೈಡ್ ಕ್ರೀಮ್ ದಪ್ಪಗೆ ಹಚ್ಚಲಿ, ಉರಿ ಬಂದ ಮೇಲೆ ಅಲ್ಲ, ಮೊದಲೇ. ಹಾಸಿಗೆ ಮೇಲೆ ನೀರು ಹೀರುವ ಪ್ಯಾಡ್ ಹಾಕಿದರೆ ಮನಸ್ಸಿಗೆ ಅರ್ಧ ಸಮಾಧಾನ. ರಾತ್ರಿ ಊಟ ಸ್ವಲ್ಪ ಬೇಗ ಆಗಲಿ. ಅವರು ಹೇಳಿಕೊಳ್ಳದಿದ್ದರೂ ಪ್ಯಾಡ್ ನೀವೇ ಹಾಸಿಡಿ. ನಮ್ಮವರು ಒಂದು ಮಾತೂ ಆಡದೆ ಹಾಗೆ ಮಾಡಿದರು. ಆವತ್ತು ಎಷ್ಟೋ ದಿನಗಳ ಮೇಲೆ ನಿದ್ದೆ ಮಾಡಿದೆ.

ಓಟಗಾರ

ನೀರು, ಉಪ್ಪು ಮರೆಯಬೇಡಿ. ದೊಡ್ಡ ಕರುಳು ಇಲ್ಲದ ನಮಗೆ ನೀರು ಹಿಡಿದುಕೊಳ್ಳುವ ಶಕ್ತಿ ಕಡಿಮೆ. ಬರೀ ನೀರು ಕುಡಿದರೆ ಸಾಲದು, ಓಆರ್‌ಎಸ್ ಬೇಕು. ಮೂತ್ರ ಕಡುಬಣ್ಣ ಆಗಿ, ಎದ್ದಾಗ ತಲೆ ಸುತ್ತಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಮೌನಿ_22

ಬೇಧಿ ನಿಲ್ಲಿಸುವ ಲೋಪೆರಮೈಡ್ ತಗೊಳ್ಳಬಹುದಾ?

ರಾತ್ರಿಪಾಳಿ

ಆರಾಮಿದ್ದಾಗ ತಗೊಳ್ಳುವವರು ತುಂಬಾ ಇದ್ದಾರೆ. ಆದರೆ ಜ್ವರ ಇದ್ದಾಗ, ಸಿ. ಡಿಫ್ ಇರಬಹುದು ಅನ್ನುವ ಅನುಮಾನ ಇದ್ದಾಗ ಡಾಕ್ಟರನ್ನು ಕೇಳದೆ ಬೇಡ. ಮೊದಲು ಮಲ ಪರೀಕ್ಷೆಗೆ ಕೊಡಿ.

ಇತಿಹಾಸಪ್ರಿಯ

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. "ಪೌಚೈಟಿಸ್" ಅನ್ನುವ ಹೆಸರು ನಮ್ಮ ಜೆ-ಪೌಚಿಗಿಂತ ಹಳೆಯದು. ಸ್ವೀಡನ್ನಿನ ನಿಲ್ಸ್ ಕಾಕ್ ಅನ್ನುವ ಸರ್ಜನ್ 1969ರಲ್ಲಿ ಹೊಟ್ಟೆಯೊಳಗೇ ಕರುಳಿನ ಚೀಲ ಮಾಡುವ ವಿಧಾನ ಪ್ರಕಟಿಸಿದರು. ಅದನ್ನು ನಳಿಕೆ ಹಾಕಿ ಖಾಲಿ ಮಾಡಬೇಕಿತ್ತು. ಆ ಚೀಲಗಳಲ್ಲಿ ಉರಿಯೂತ ಕಂಡು 1977ರಲ್ಲಿ ಈ ಹೆಸರಿಟ್ಟವರೂ ಅವರೇ. ಮರುವರ್ಷ, 1978ರಲ್ಲಿ, ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಅಲನ್ ಪಾರ್ಕ್ಸ್ ಮತ್ತು ಜಾನ್ ನಿಕಲ್ಸ್ ಚೀಲವನ್ನು ಗುದದ್ವಾರಕ್ಕೆ ಜೋಡಿಸಿದ್ದನ್ನು ವರದಿ ಮಾಡಿದರು. ಅದು ಎಸ್ ಆಕಾರ. ಜೆ ಆಕಾರ ಬಂದದ್ದು 1980ರಲ್ಲಿ, ಜಪಾನಿನ ಜೋಜಿ ಉತ್ಸುನೊಮಿಯಾ ಅವರಿಂದ.

ಹಳೇಬೇರು

ದಾರಿ ತಪ್ಪಿದ್ದಲ್ಲ, ಒಳ್ಳೇ ಸುಳಿವು ಕೊಟ್ಟಿರಿ. ಆ ಎಸ್ ಪೌಚಿನವರಲ್ಲಿ ಎಷ್ಟೋ ಜನಕ್ಕೆ ಚೀಲ ತಾನಾಗಿ ಖಾಲಿ ಆಗುತ್ತಿರಲಿಲ್ಲ, ನಳಿಕೆ ಹಾಕಬೇಕಿತ್ತು. ಇದನ್ನು ಓದುತ್ತಿದ್ದ ಹಾಗೆ ನೀಲಿಕೊಡೆ ಮೊದಲು ಬರೆದದ್ದು ನೆನಪಾಯಿತು. ಮೇಲೆ ಹೋಗಿ ಮತ್ತೆ ಓದಿದೆ. "ಒತ್ತಿ ಒತ್ತಿ ಇಪ್ಪತ್ತು ನಿಮಿಷ" ಅಂದಿದ್ದಾರೆ. ನಾವೆಲ್ಲ ಹದಿನಾಲ್ಕು ಸಲ ಅನ್ನುವುದನ್ನು ಹಿಡಿದು ಕೂತೆವು, ಇದನ್ನು ಬಿಟ್ಟೆವು.

ನನಗೆ ಪೌಚೈಟಿಸ್ ಆದಾಗ ಒತ್ತುವ ಪ್ರಶ್ನೆಯೇ ಇರಲಿಲ್ಲ. ಕೂರುವ ಮುಂಚೆಯೇ ಆಗಿಬಿಡುತ್ತಿತ್ತು. ನೀಲಿಕೊಡೆ, ಧಾರೆ ಸಣ್ಣಗಾಗಿದೆಯಾ? ಪೆನ್ಸಿಲ್ ತರಹ?

ನೀಲಿಕೊಡೆ

ಹೌದು! ವರ್ಷದಿಂದ ಹಾಗೇ ಇದೆ. ಪೌಚ್ ಅಂದರೆ ಹೀಗೇ ಇರುತ್ತದೆ ಅಂದುಕೊಂಡು ಯಾರಿಗೂ ಹೇಳಿಲ್ಲ.

ರಾತ್ರಿಪಾಳಿ

ಇದನ್ನು ನಾನೇ ಹಿಡಿಯಬೇಕಿತ್ತು. ಪೌಚ್ ಮತ್ತು ಗುದದ್ವಾರ ಸೇರುವ ಹೊಲಿಗೆಯ ಜಾಗ ಕಿರಿದಾಗಿರಬಹುದು. ಆಗ ಚೀಲ ಪೂರ್ತಿ ಖಾಲಿ ಆಗುವುದಿಲ್ಲ. ಸ್ವಲ್ಪ ಸ್ವಲ್ಪ ಹೋಗುತ್ತದೆ, ಅದಕ್ಕೇ ಅಷ್ಟು ಸಲ. ಉಳಿದದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆಂಟಿಬಯೋಟಿಕ್ ಕೊಟ್ಟರೆ ತಾತ್ಕಾಲಿಕವಾಗಿ ಇಳಿಯುತ್ತದೆ, ನಿಲ್ಲಿಸಿದರೆ ಮರಳುತ್ತದೆ. ನೋಡಿದ ಹೊರತು ಖಚಿತ ಅನ್ನಲಾರೆ. ಆದರೆ ಈ ವಾಕ್ಯವನ್ನು ಹಾಗೇ ಡಾಕ್ಟರ ಮುಂದೆ ಹೇಳಿ: "ಒತ್ತಬೇಕಾಗುತ್ತದೆ, ಧಾರೆ ಸಣ್ಣ, ಖಾಲಿ ಆದ ಹಾಗೆ ಅನಿಸುವುದಿಲ್ಲ." ಬೆರಳಿನಲ್ಲಿ ಪರೀಕ್ಷೆ ಮಾಡಿದರೇ ಎಷ್ಟೋ ಸಲ ಗೊತ್ತಾಗಿಬಿಡುತ್ತದೆ.

ಗುಬ್ಬಿಗೂಡು

ಅಂದರೆ ಸಿಪ್ರೊಗೆ ಇಳಿದರೂ ಮೂಲ ಬೇರೆ ಇರಬಹುದು. ಈ ಕೋನ ನಾನು ಯೋಚಿಸಿರಲಿಲ್ಲ.

ಏಳನೇಡೋಸ್

ನನ್ನದು ನಿಜವಾದ ಹಠಮಾರಿ ಪೌಚೈಟಿಸ್. ಮೌನಿ_22 ತರಹದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಸ್ಕೋಪ್, ಬಯಾಪ್ಸಿ, ಎಂಆರ್‌ಐ ಎಲ್ಲ ಮಾಡಿ ಬೇರೆ ಕಾರಣ ಇಲ್ಲ ಅಂತ ಖಚಿತವಾಯಿತು. ಎರಡು ಆಂಟಿಬಯೋಟಿಕ್ ಸೇರಿಸಿ ನಾಲ್ಕು ವಾರ ಕೊಟ್ಟರೂ ಜಗ್ಗಲಿಲ್ಲ. ಆಮೇಲೆ ವೆಡೊಲಿಜುಮ್ಯಾಬ್ ಡ್ರಿಪ್. ಇದು ಹೆಚ್ಚಾಗಿ ಕರುಳಿನಲ್ಲಷ್ಟೇ ಕೆಲಸ ಮಾಡುವ ಮದ್ದು. ಯೂರೋಪಿನಲ್ಲಿ 2022ರಲ್ಲಿ ಪೌಚೈಟಿಸ್‌ಗೆಂದೇ ಒಪ್ಪಿಗೆ ಸಿಕ್ಕಿದೆ. 102 ಜನರ ಪ್ರಯೋಗದಲ್ಲಿ 14 ವಾರಕ್ಕೆ ಮದ್ದು ಪಡೆದವರಲ್ಲಿ 31%, ಪೊಳ್ಳು ಡ್ರಿಪ್ ಪಡೆದವರಲ್ಲಿ 10% ಶಮನ ಆಯಿತು. ಎಲ್ಲರಿಗೂ ಹಿಡಿಯುವುದಿಲ್ಲ ಅಂತ ಈ ಅಂಕಿಯೇ ಹೇಳುತ್ತದೆ. ನನಗೆ ನಾಲ್ಕನೇ ಡೋಸಿನ ಮೇಲೆ ಬದಲಾವಣೆ ಕಂಡಿತು. ಈಗ ದಿನಕ್ಕೆ ಏಳು ಸಲ.

ಮೌನಿ_22

ಧನ್ಯವಾದ. ಈ ಡ್ರಿಪ್ ಹೆಸರು ಬರೆದಿಟ್ಟುಕೊಂಡೆ.

ನೀಲಿಕೊಡೆ (ಹದಿನೆಂಟು ದಿನಗಳ ನಂತರ)

ಎಲ್ಲರಿಗೂ ವಿಷಯ ತಿಳಿಸಲೇಬೇಕು ಅಂತ ಬಂದೆ. ಬೇರೆ ಡಾಕ್ಟರ ಹತ್ತಿರ ಹೋದೆ. ರಾತ್ರಿಪಾಳಿ ಅವರು ಬರೆದ ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿದೆ. ಅವರು ಮೊದಲು ಬೆರಳಿನಲ್ಲೇ ನೋಡಿದರು. ಕಿರುಬೆರಳೂ ಸಲೀಸಾಗಿ ಹೋಗಲಿಲ್ಲವಂತೆ. ಮರುವಾರ ಮಂಪರು ಕೊಟ್ಟು ಆ ಜಾಗ ಹಿಗ್ಗಿಸಿದರು, ಅದೇ ಹೊತ್ತಿಗೆ ಸ್ಕೋಪ್ ಹಾಕಿದರು. ಪೌಚಿನ ತಳದಲ್ಲಿ ಸ್ವಲ್ಪ ಉರಿಯೂತ ಇತ್ತು, ಬಯಾಪ್ಸಿಯಲ್ಲೂ ಅಷ್ಟೇ. ಕ್ರೋನ್ಸ್ ಲಕ್ಷಣ ಇಲ್ಲ. ಸಿ. ಡಿಫ್ ಇಲ್ಲ. ಬಿ12 ಮತ್ತು ಕಬ್ಬಿಣ ಕಡಿಮೆ ಇತ್ತು, ಅದಕ್ಕೂ ಮದ್ದು ಶುರುವಾಗಿದೆ.

ಆಂಟಿಬಯೋಟಿಕ್ ಇಲ್ಲದೆ ಇವತ್ತಿಗೆ ಹತ್ತನೇ ದಿನ. ದಿನಕ್ಕೆ ಏಳು ಸಲ. ಕೂತರೆ ಐದು ನಿಮಿಷ. ಮತ್ತೆ ಕಿರಿದಾಗಬಹುದು, ಮತ್ತೆ ಹಿಗ್ಗಿಸಬೇಕಾಗಬಹುದು ಅಂತ ಹೇಳಿದ್ದಾರೆ. ಅದಕ್ಕೆ ತಯಾರಿದ್ದೇನೆ. ಹಳೇಬೇರು ಅಣ್ಣ, ನೀವು ಮೇಲೆ ಹೋಗಿ ಮತ್ತೆ ಓದಿದಿರಲ್ಲ, ಅದಕ್ಕೆ ಏನು ಹೇಳಬೇಕು ಗೊತ್ತಾಗುತ್ತಿಲ್ಲ.

ಹಳೇಬೇರು

ಇದನ್ನು ಓದಿ ಕಣ್ಣು ತುಂಬಿತು ಮಾರಾಯರೇ. ಎಷ್ಟು ವಾರಕ್ಕೆ ಮತ್ತೆ ಬರಲು ಹೇಳಿದ್ದಾರೆ? ಆ ದಿನ ತಪ್ಪಿಸಬೇಡಿ, ಆರಾಮಾಗಿದ್ದರೂ ಹೋಗಿ.

ನೀಲಿಕೊಡೆ

ಆರು ವಾರ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ಗುಬ್ಬಿಗೂಡು

ನಾನೂ ಪೌಚ್ ಸ್ಕೋಪಿಗೆ ದಿನ ಗೊತ್ತುಮಾಡಿದೆ, ಮುಂದಿನ ಗುರುವಾರ. ರಾತ್ರಿಪಾಳಿ ಮೇಡಂ, ಎಚ್ಚರ ಇದ್ದೇ ಮಾಡಿಸಿಕೊಂಡರೆ ನೋವಾಗುತ್ತಾ?

ರಾತ್ರಿಪಾಳಿ

ಗಾಳಿ ತುಂಬುವಾಗ ಹೊಟ್ಟೆ ಬಿಗಿದ ಹಾಗೆ ಆಗುತ್ತದೆ, ಅಷ್ಟೇ. ಬಯಾಪ್ಸಿ ತೆಗೆಯುವುದು ಗೊತ್ತೇ ಆಗುವುದಿಲ್ಲ. ಜಾಸ್ತಿ ಅನಿಸಿದರೆ ತಕ್ಷಣ ಹೇಳಿ, ನಿಲ್ಲಿಸುತ್ತಾರೆ. ಮತ್ತೆ, ಮನೆಯಲ್ಲಿರುವ ಸ್ಟ್ರಿಪ್ ಅದಕ್ಕೆ ಮುಂಚೆ ಮುಟ್ಟಬೇಡಿ. ಮದ್ದಿನ ಮೇಲೆ ಇದ್ದಾಗ ನೋಡಿದರೆ ಇರುವ ಉರಿಯೂತವೂ ಇಲ್ಲದ ಹಾಗೆ ಕಾಣಬಹುದು.